ಬೋರ್ಡಿನಲ್ಲಿ ಎಸ್ ಜಾಸ್ತಿ ಆಗಿದೆಯಂತೆ, ಇಂಗ್ಲಿಷ್ ಗೊತ್ತಿರೋರು ಸ್ವಲ್ಪ ನೋಡಿ

ಕಕ್ಕಬ್ಬೆ ಅಕ್ಕ

ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರು ರೂಮು, ಹತ್ತು ಎಕರೆ ಕಾಫಿ ತೋಟ, ಯಾರನ್ನು ಕಂಡರೂ ಬಾಲ ಅಲ್ಲಾಡಿಸೋ ಒಂದು ಕಾವಲು ನಾಯಿ. ನನ್ನ ತವರು ಸೋಮವಾರಪೇಟೆ ಕಡೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡೋಕೆ ನನಗೆ ಹೆದರಿಕೆ ಇಲ್ಲ, ಹೇಗೋ ದೂಡುತ್ತೇನೆ. ಬರೆಯೋದು ಅಂದರೆ ಮಾತ್ರ ಕೈ ನಡುಗುತ್ತದೆ.

ಮಳೆ ಹಿಡಿಯೋ ಮೊದಲು ಗೇಟಿನ ಹತ್ತಿರ ಹೊಸ ಬೋರ್ಡು ಬರೆಸಿದೆ. ಪೇಂಟರ್ ವಿರಾಜಪೇಟೆಯಿಂದ ಬಂದಿದ್ದರು. ಅಕ್ಷರಕ್ಕೆ 15 ರೂಪಾಯಿ. ಹಿಂದಿನ ರಾತ್ರಿ ನಾನೇ ಕೂತು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಹೊಡೆದುಹಾಕಿ ಬರೆದುಕೊಟ್ಟಿದ್ದು ಇದು:

"ತ್ರೀ ಬೆಡ್‌ರೂಮ್ಸ್ ಹೋಂಸ್ಟೇ ಇನ್ ಟೆನ್ ಏಕರ್ಸ್ ಕಾಫಿ ಎಸ್ಟೇಟ್"
"ಗೆಸ್ಟ್ ಲಗೇಜಸ್ ಅಟ್ ಓನ್ ರಿಸ್ಕ್"
"ದಿ ಕೀ ಟು ದಿ ಅಪ್‌ಸ್ಟೇರ್ಸ್ ರೂಮ್ಸ್ ಆರ್ ವಿತ್ ದಿ ಕುಕ್"
"ಪಿಗ್ ಕರಿ ಆನ್ ಆರ್ಡರ್"
"ಲೀಚ್ ಸಾಕ್ಸ್ ಅವೈಲಬಲ್"

ಹೋದ ವಾರ ಬಂದ ಗೆಸ್ಟ್ ಒಬ್ಬರು ಬೋರ್ಡಿನ ಮುಂದೆ ನಿಂತು ಫೋಟೋ ತೆಗೆದರು. ನಾನು ಒಳಗೊಳಗೇ ಖುಷಿಪಟ್ಟೆ. ಸಂಜೆ ಕಾಫಿ ಕೊಡುವಾಗ, "ಮೇಡಂ, ಬೋರ್ಡು ಚೆನ್ನಾಗಿದೆ. ಎಸ್ ಸ್ವಲ್ಪ ಜಾಸ್ತಿ ಆಗಿದೆ. ಆಮೇಲೆ ಒಂದು ಕಡೆ ಹಂದಿ ಇನ್ನೂ ಜೀವಂತ ಇದೆ" ಅಂದರು. ಕೆಟ್ಟ ಮನುಷ್ಯ ಅಲ್ಲ, ನಗುತ್ತಲೇ ಹೇಳಿದರು. ಎಲ್ಲೆಲ್ಲಿ ಜಾಸ್ತಿ ಅಂತ ಕೇಳೋಕೆ ನನಗೇ ನಾಚಿಕೆ ಆಯಿತು.

ಮೂರು ಬೆಡ್‌ರೂಮ್ ಅಂದಮೇಲೆ ಎಸ್ ಬರಬೇಕಲ್ವಾ? ಹತ್ತು ಎಕರೆಗೆ ಬರಬೇಕಲ್ವಾ? ಸ್ಕೂಲಿನಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಎಸ್ ಅಂತ ತಾನೇ ಹೇಳಿಕೊಟ್ಟಿದ್ದು? ಅವರ ಜೊತೆ ಬಂದಿದ್ದ ಪುಟ್ಟ ಹುಡುಗನಂತೂ "ಆಂಟಿ, ಜಿಗಣೆಗೆ ಕಾಲು ಎಷ್ಟು?" ಅಂತ ಕೇಳಿದ. ಯಾಕೆ ಅಂದೆ. "ಅದಕ್ಕೆ ಸಾಕ್ಸ್ ಹಾಕುತ್ತೀರಲ್ಲ" ಅಂದ. ಹಾಗಾದರೆ ಆ ಸಾಲೂ ತಪ್ಪಾ?

ಅಕ್ಟೋಬರಿನ ಸೀಸನ್ ಒಳಗೆ ಸರಿ ಮಾಡಿಸಬೇಕು. ಸುಮ್ನೆ "ಇಲ್ಲಿ ತೆಗಿ, ಅಲ್ಲಿ ಹಾಕು" ಅನ್ನಬೇಡಿ. ಯಾಕೆ ಅಂತ ಹೇಳಿ. ಮುಂದಿನ ಬೋರ್ಡಿಗೂ ದುಡ್ಡು ಕೊಡೋಳು ನಾನೇ.

ರಿಟೈರ್ಡ್ ಮೇಷ್ಟ್ರು, ವಿರಾಜಪೇಟೆ

ಅಕ್ಕ, 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ನೌನ್ ಅಂದರೆ ಮನುಷ್ಯನ, ಜಾಗದ, ವಸ್ತುವಿನ ಹೆಸರು ಅಂತ ಬಾಯಿಪಾಠ ಮಾಡಿಸಿದ ಪಾಪದಲ್ಲಿ ನನಗೂ ಪಾಲಿದೆ. ಆ ಬಾಯಿಪಾಠ ಇಟ್ಟುಕೊಂಡು ಬೋರ್ಡು ಬರೆಯೋಕೆ ಆಗುವುದಿಲ್ಲ. ಯಾಕೆಂದರೆ ಬೋರ್ಡಿನಲ್ಲಿ ನೌನ್ ಒಂಟಿಯಾಗಿ ಬರುವುದು ಕಡಿಮೆ. ಸಂಸಾರ ಸಮೇತ ಬರುತ್ತದೆ. ಆ ಸಂಸಾರದ ಹೆಸರೇ ನೌನ್ ಫ್ರೇಜ್.

ಕೊಡಗಿನವರಿಗೆ ಇದನ್ನು ಹೇಳೋದು ಸುಲಭ. ಒಕ್ಕ, ಅಂದರೆ ಮನೆತನ, ಎಷ್ಟೇ ದೊಡ್ಡದಿರಲಿ, ಅದರ ಯಜಮಾನ ಪಟ್ಟೆದಾರ ಒಬ್ಬನೇ ಅಲ್ವಾ? ನೌನ್ ಫ್ರೇಜ್‌ನಲ್ಲೂ ಹಾಗೇ. ಇಂಗ್ಲಿಷಿನವರು ಅದಕ್ಕೆ ಹೆಡ್ ಅನ್ನುತ್ತಾರೆ. ಎಸ್ ಹಚ್ಚುವಾಗಲೂ, ಈಸ್ ಬೇಕಾ ಆರ್ ಬೇಕಾ ಅಂತ ನೋಡುವಾಗಲೂ ಪಟ್ಟೆದಾರನನ್ನು ಕೇಳಬೇಕು. ಉಳಿದವರು ಎಷ್ಟು ಜನ ಇದ್ದರೂ ಲೆಕ್ಕಕ್ಕಿಲ್ಲ.

ನಮಗೆ ಎಡವಟ್ಟಾಗುವುದು ಎಲ್ಲಿ ಅಂದರೆ, ಕನ್ನಡದಲ್ಲಿ ಪಟ್ಟೆದಾರ ಯಾವಾಗಲೂ ಕೊನೆಗೆ ಕೂರುತ್ತಾನೆ. "ಕಣದ ಹಿಂದೆ ಎರಡು ವರ್ಷದಿಂದ ಕೆಟ್ಟು ನಿಂತ ಹಸಿರು ಜೀಪು" ಅನ್ನಿ. ಜೀಪು ಬರೋವರೆಗೂ ಕಾಯಬೇಕು, ಬಂದಮೇಲೆ ಮುಗಿಯಿತು. ಇಂಗ್ಲಿಷಿನಲ್ಲಿ ಅದೇ ಮಾತು "ದಿ ಗ್ರೀನ್ ಜೀಪ್" ಅಂತ ಶುರುವಾಗುತ್ತದೆ. ಪಟ್ಟೆದಾರ ಆಗಲೇ ಬಂದು ಕೂತಾಯಿತು. ಕಣ, ಎರಡು ವರ್ಷ, ಕೆಟ್ಟಿದ್ದು ಎಲ್ಲ ಅವನ ಹಿಂದೆ ಬಾಲದ ಹಾಗೆ ಬರುತ್ತವೆ. ಕನ್ನಡದ ಕಿವಿ ಕೊನೆಯ ಪದವನ್ನೇ ಪಟ್ಟೆದಾರ ಅಂದುಕೊಳ್ಳುತ್ತದೆ. ನಿಮ್ಮ ಕೀಲಿಕೈ ಸಾಲಿನಲ್ಲಿ ಆಗಿದ್ದು ಇದೇ.

"ದಿ ಕೀ ಟು ದಿ ಅಪ್‌ಸ್ಟೇರ್ಸ್ ರೂಮ್ಸ್". ಅಡುಗೆಯವರ ಹತ್ತಿರ ಇರೋದು ಏನು? ರೂಮಾ, ಕೀಲಿಕೈಯಾ? ಒಂದು ಕೀಲಿಕೈ. ರೂಮ್ಸ್ ಹಿಂದೆ ನಿಂತ ಬಾಲ ಅಷ್ಟೇ. ಅದಕ್ಕೆ "ಈಸ್ ವಿತ್ ದಿ ಕುಕ್". ಇಂಗ್ಲೆಂಡಿನವರೂ ಮಾತಾಡುವ ಭರದಲ್ಲಿ ಹತ್ತಿರದ ರೂಮ್ಸ್ ನೋಡಿ ಆರ್ ಅಂದುಬಿಡುತ್ತಾರೆ. ನಿಮ್ಮೊಬ್ಬರ ತಪ್ಪು ಅಂತ ಬೇಜಾರು ಬೇಡ.

ಅನುಮಾನ ಬಂದರೆ ಒಂದು ಉಪಾಯ. ಇಡೀ ಗುಂಪನ್ನು ತೆಗೆದು ಆ ಜಾಗದಲ್ಲಿ "ಅದು" ಅಥವಾ "ಅವು" ಇಟ್ಟು ನೋಡಿ. "ಅದು ಅಡುಗೆಯವರ ಹತ್ತಿರ ಇದೆ." ಸರಿಹೋಯಿತಲ್ಲ, ಹಾಗಾದರೆ ಈಸ್. "ಎ ಬಾಸ್ಕೆಟ್ ಆಫ್ ಆರೆಂಜಸ್" ಅಂದರೂ ಅಷ್ಟೇ, ಕಿತ್ತಳೆ ನೂರಿದ್ದರೂ ಬುಟ್ಟಿ ಒಂದು.

ಈಗ ಮೊದಲ ಸಾಲು. ಇಲ್ಲಿ ಪಟ್ಟೆದಾರ ಹೋಂಸ್ಟೇ. ಬೆಡ್‌ರೂಮ್ ಅವನ ಮುಂದೆ ನಿಂತು ಎಂಥ ಹೋಂಸ್ಟೇ ಅಂತ ಹೇಳುವ ಕೆಲಸ ಮಾಡುತ್ತಿದೆ. ಆ ಕೆಲಸಕ್ಕೆ ನಿಂತ ನೌನ್ ಸಾಮಾನ್ಯವಾಗಿ ಎಸ್ ಬಿಚ್ಚಿಟ್ಟು ಬರುತ್ತದೆ. ಟೂತ್‌ಬ್ರಶ್ ನೋಡಿ. ಬಾಯಿತುಂಬ ಹಲ್ಲಿದ್ದರೂ ಟೀತ್‌ಬ್ರಶ್ ಅನ್ನುವುದಿಲ್ಲ. ಶೂ ಶಾಪ್‌ನಲ್ಲಿ ಒಂದೇ ಶೂ ಮಾರುವುದಿಲ್ಲ. ಹಾಗೇ "ತ್ರೀ-ಬೆಡ್‌ರೂಮ್ ಹೋಂಸ್ಟೇ", "ಟೆನ್-ಏಕರ್ ಎಸ್ಟೇಟ್". ನಡುವೆ ಒಂದು ಗೆರೆ ಎಳೆಯಿರಿ. ಇಲ್ಲಿ ಕನ್ನಡದ ಕಿವಿಯನ್ನೇ ನಂಬಬಹುದು. ನಾವು "ಹತ್ತು ಎಕರೆ ತೋಟ" ಅನ್ನುತ್ತೇವೆ. "ಹತ್ತು ಎಕರೆಗಳ ತೋಟ" ಅಂತ ಯಾರೂ ಅನ್ನುವುದಿಲ್ಲ. ನೀವು ಕನ್ನಡದಲ್ಲಿ ಯೋಚಿಸಿದ್ದರೆ 30 ರೂಪಾಯಿ ಉಳಿಯುತ್ತಿತ್ತು. ತಪ್ಪು ಸ್ಕೂಲಿನ ರೂಲ್‌ದು, ಅಂದರೆ ನಮ್ಮದು.

ಹ್ಞಾಂ, ಎಸ್ಟೇಟ್ ಮುಂದೆ ಒಂದು ಎ ಬೇಕು. "ಇನ್ ಎ ಟೆನ್-ಏಕರ್ ಕಾಫಿ ಎಸ್ಟೇಟ್". ಎಸ್ಟೇಟ್ ಎಣಿಸುವ ವಸ್ತು, ಒಂದೇ ಇದೆ, ಓದುವವರಿಗೆ ಇದು ಹೊಸ ವಿಷಯ. ಅಂಥ ಕಡೆ ಇಂಗ್ಲಿಷ್ ಬರೀ ಮೈಯಲ್ಲಿ ಹೊರಗೆ ಬಿಡುವುದಿಲ್ಲ.

ಲಗೇಜ್‌ಗೆ ಎಸ್ ಇಲ್ಲ. ಇಂಗ್ಲಿಷಿನಲ್ಲಿ ಲಗೇಜ್, ಫರ್ನಿಚರ್, ಇನ್ಫರ್ಮೇಶನ್, ಅಡ್ವೈಸ್ ಎಲ್ಲ ನೀರು, ಅಕ್ಕಿಹಿಟ್ಟಿನ ಜಾತಿ. ಎಣಿಸುವುದಿಲ್ಲ. ಎಣಿಸಲೇಬೇಕು ಅಂದರೆ "ಟೂ ಪೀಸಸ್ ಆಫ್ ಲಗೇಜ್". ಬ್ಯಾಗ್ ಎಣಿಸಬಹುದು, ಕುರ್ಚಿ ಎಣಿಸಬಹುದು, ಲಗೇಜ್, ಫರ್ನಿಚರ್ ಎಣಿಸಬಾರದು. ಇದಕ್ಕೆ ನ್ಯಾಯ ಕೇಳಬೇಡಿ. 31 ವರ್ಷ ಮಕ್ಕಳು ನನ್ನನ್ನು ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಂದಿಯ ವಿಷಯ: ಕೊಡವ ಭಾಷೆಯಲ್ಲಿ ಪಂದಿ ಅಂದರೆ ಹಂದಿ, ಹಂದಿ ಅಂದರೆ ಪಿಗ್. ನಿಮ್ಮ ಅನುವಾದ ಸರಿಯೇ. ಆದರೆ ಕಾಲಿನ ಮೇಲೆ ಓಡಾಡುವುದು ಪಿಗ್, ತಟ್ಟೆಗೆ ಬಂದಮೇಲೆ ಪೋರ್ಕ್. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಅವರ ಭಾಷೆಯ ಪದಗಳು ರಾಶಿ ರಾಶಿ ಒಳಗೆ ಬಂದವು. ಪ್ರಾಣಿಗೆ ಹಳೇ ಇಂಗ್ಲಿಷ್ ಹೆಸರು ಉಳಿಯಿತು, ಮಾಂಸಕ್ಕೆ ಫ್ರೆಂಚ್ ಹೆಸರು ಅಂಟಿತು. ಬೀಫ್, ಮಟನ್ ಕಥೆಯೂ ಇದೇ. ಸುಮ್ನೆ "ಪಂದಿ ಕರಿ" ಅಂತಲೇ ಬರೆದು ಪಕ್ಕದಲ್ಲಿ ಪೋರ್ಕ್ ಹಾಕಿದರೂ ಆಗುತ್ತದೆ.

ಸಿದ್ದಾಪುರ ಹುಡುಗ

ಜಿಗಣೆ ಸಾಕ್ಸ್ ಬಗ್ಗೆ ಮೇಷ್ಟ್ರು ಏನೂ ಹೇಳಲಿಲ್ಲ. ಆ ಸಾಲು ಸರಿ ಇದೆ ಅಕ್ಕ, ಮುಟ್ಟಬೇಡಿ. ಆ ಹುಡುಗ ಕೇಳಿದ್ದೂ ಸರಿಯೇ.

ಎರಡು ನೌನ್ ಪಕ್ಕಪಕ್ಕ ನಿಂತಾಗ ನಡುವೆ ಸಂಬಂಧ ಏನು ಅಂತ ಇಂಗ್ಲಿಷ್ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಊರಿನಲ್ಲಿ ಆನೆ ಕಾಟ ಗೊತ್ತಲ್ಲ. ನಮ್ಮ ತೋಟದ ಅಂಚಿನಲ್ಲಿ ಇರೋದು ಎಲಿಫೆಂಟ್ ಟ್ರೆಂಚ್. ಆನೆ ಬರಬಾರದು ಅಂತ ತೋಡಿದ್ದು. ದುಬಾರೆಯಲ್ಲಿ ಇರೋದು ಎಲಿಫೆಂಟ್ ಕ್ಯಾಂಪ್. ಆನೆ ಇರಲಿ ಅಂತಲೇ ಮಾಡಿದ್ದು. ಮೊದಲ ಪದ ಒಂದೇ, ಅರ್ಥ ತಿರುಗುಮುರುಗು. ಕನ್ನಡದಲ್ಲೂ ಆನೆ ಕಂದಕ, ಆನೆ ಶಿಬಿರ ಅಂತಲೇ ಹೇಳುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಆನೆಗಳಿಗೆ ಮಾತ್ರ ಆಗುತ್ತಿರಬೇಕು, ಮೊನ್ನೆ ರಾತ್ರಿ ಟ್ರೆಂಚ್ ದಾಟಿ ಬಂದು ನಮ್ಮ ಹಲಸಿನ ಮರದ ಕೆಳಗೆ ಕ್ಯಾಂಪ್ ಮಾಡಿದ್ದವು.

ಜ್ವರದ ಮಾತ್ರೆ ಅಂದರೆ ಜ್ವರ ಬರಿಸೋ ಮಾತ್ರೆ ಅಲ್ಲವಲ್ಲ. ಹಾಗೇ ಲೀಚ್ ಸಾಕ್ಸ್, ಜಿಗಣೆ ಕಚ್ಚಬಾರದು ಅಂತ ನಾವು ಹಾಕೋದು. ಆ ಹುಡುಗ ಜಿಗಣೆ ಕಚ್ಚಿಸಿಕೊಂಡಿಲ್ಲ, ಅದಕ್ಕೇ ಅರ್ಥ ಆಗಿಲ್ಲ.

ಮಾಜಿ ಹವಾಲ್ದಾರ್

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಈಗ ಮಡಿಕೇರಿಯಲ್ಲಿ ಇದ್ದೇನೆ. ಪಟ್ಟೆದಾರನ ಲೆಕ್ಕ ನಾನು ಕಲಿತಿದ್ದು ಟೈಪ್‌ರೈಟರ್ ಮುಂದೆ, ಬೈಸಿಕೊಂಡು.

ಒಂದು ಸಲ "ಕೋರ್ಟ್ ಮಾರ್ಷಲ್ಸ್" ಅಂತ ಹೊಡೆದೆ. ಸಾಹೇಬರು ಕಾಗದ ವಾಪಸ್ ಎಸೆದರು. "ಕೋರ್ಟ್ಸ್ ಮಾರ್ಷಲ್" ಆಗಬೇಕಂತೆ. ಅಲ್ಲಿ ಪಟ್ಟೆದಾರ ಕೋರ್ಟ್. ಮಾರ್ಷಲ್ ಅಂದರೆ ಸೇನೆಯ, ಯುದ್ಧದ ಅನ್ನೋ ವಿಶೇಷಣ. ಹಿಂದೆ ನಿಂತಿದೆ ಅಷ್ಟೇ. ಸರಿ ಅಂತ ಮುಂದಿನ ವಾರ ಜಾಣನ ಹಾಗೆ "ಫೀಲ್ಡ್ಸ್ ಮಾರ್ಷಲ್" ಅಂತ ಹೊಡೆದೆ. ಮತ್ತೆ ಬೈಗುಳ. ಅಲ್ಲಿ ಮಾರ್ಷಲ್ಲೇ ಪಟ್ಟೆದಾರ! ಕಿವಿಗೆ ಒಂದೇ ಥರ ಕೇಳಿಸಿದರೂ ಇಂಗ್ಲಿಷಿನಲ್ಲಿ ಎರಡರ ಸ್ಪೆಲಿಂಗೂ ಬೇರೆ, ಕೆಲಸವೂ ಬೇರೆ. ಅದಕ್ಕೆ ಭಾರತದ ಸೇನೆಗೆ ಇಬ್ಬರು "ಫೀಲ್ಡ್ ಮಾರ್ಷಲ್ಸ್". 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ನಮ್ಮ ಕಾರ್ಯಪ್ಪ.

ಕಾರ್ಯಪ್ಪನವರು 1949ರ ಜನವರಿ 15ರಂದು ಕಮಾಂಡರ್-ಇನ್-ಚೀಫ್ ಆದರು, ಆ ದಿನವೇ ಈಗ ಆರ್ಮಿ ಡೇ. ಆ ಹುದ್ದೆ ಒಬ್ಬರಿಗಿಂತ ಹೆಚ್ಚು ಜನರದ್ದಾದರೆ "ಕಮಾಂಡರ್ಸ್-ಇನ್-ಚೀಫ್". ಎಸ್ ಕೊನೆಗಲ್ಲ, ಕಮಾಂಡರ್‌ಗೆ. ಅತ್ತೆಯಂದಿರೂ ಹಾಗೇ, "ಮದರ್ಸ್-ಇನ್-ಲಾ". ಎರಡೂ ಕಮಾಂಡ್ ಕೊಡೋ ಹುದ್ದೆ ಆದ್ದರಿಂದ ನೆನಪಿಟ್ಟುಕೊಳ್ಳೋದು ಸುಲಭ.

ಇನ್ನೊಂದು. "ದಿ ಜನರಲ್ ಕೇಮ್" ಸರಿ. "ದಿ ಜನರಲ್ ತಿಮ್ಮಯ್ಯ ಕೇಮ್" ತಪ್ಪು. ಹೆಸರು ಜೊತೆಗೆ ಬಂದಮೇಲೆ ದಿ ಬೇಡ, ಹೆಸರೇ ಗುರುತು.

ಗೋಣಿಕೊಪ್ಪ ಗೋಪಿ

ಇಷ್ಟೆಲ್ಲ ಯಾಕೆ? ಅರ್ಥ ಆಯಿತಲ್ಲ, ರೂಮು ಬುಕ್ ಆಯಿತಲ್ಲ. ಇಂಗ್ಲಿಷಿನವರು ಮಡಿಕೇರಿಗೆ ಮರ್ಕೆರಾ ಅಂದಾಗ ನಾವು ಬಾಯಿಮುಚ್ಚಿಕೊಂಡು ಇರಲಿಲ್ವಾ?

ಕಕ್ಕಬ್ಬೆ ಅಕ್ಕ

ಗೋಪಿಯವರೇ, ನನಗೂ ಹಾಗೇ ಅನಿಸಿತ್ತು. ಆದರೆ ಬೇಡದ ಎಸ್‌ಗೆ 45 ರೂಪಾಯಿ ಕೊಟ್ಟಿದ್ದೇನೆ ಅಂತ ಲೆಕ್ಕ ಹಾಕಿದಮೇಲೆ ನಿದ್ದೆ ಬರಲಿಲ್ಲ.

ಕಾಫಿ ಗುಮಾಸ್ತ

ಕುಶಾಲನಗರದಲ್ಲಿ ಕಾಫಿ, ಮೆಣಸು ಖರೀದಿ ಮಾಡೋ ಕಡೆ ನಾನು ಬಿಲ್ ಬರೆಯುತ್ತೇನೆ. ಲಗೇಜ್ ಕಥೆ ಓದಿ ನನ್ನದೂ ಹೇಳಬೇಕು ಅನಿಸಿತು.

ನಮ್ಮ ರೇಟ್ ಬೋರ್ಡು ನೋಡಿರುತ್ತೀರಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. 50 ಕೆಜಿ ಚೀಲಕ್ಕೆ ಇಷ್ಟು ಅಂತ. ನಾಲ್ಕು ಸಾಲಿನಲ್ಲೂ ಎಸ್ ಇಲ್ಲ. ಹೊಸದಾಗಿ ಸೇರಿದಾಗ ನಾನು ಬಿಲ್ಲಿನಲ್ಲಿ "ಚೆರಿಸ್" ಅಂತ ಬರೆದಿದ್ದೆ. ಒಂದು ಚೀಲದಲ್ಲಿ ಸಾವಿರಗಟ್ಟಲೆ ಕಾಯಿ ಇರುತ್ತದಲ್ಲ, ಒಂದು ಎಸ್ ಆದರೂ ಬೇಡವಾ ಅಂತ. ನಮ್ಮ ಹಳೇ ರೈಟರ್ ಹೇಳಿದ್ದು ಈಗಲೂ ನೆನಪಿದೆ: "ಗಿಡದಲ್ಲಿ ಇದ್ದಾಗ ಚೆರಿಸ್. ಒಣಗಿಸಿ ಚೀಲಕ್ಕೆ ತುಂಬಿದಮೇಲೆ ಚೆರಿ."

ನಿಜ. ಕೆಂಪಗೆ ಹಣ್ಣಾಗಿ ಕೊಂಬೆಯಲ್ಲಿ ಕೂತಾಗ ಒಂದೊಂದನ್ನೂ ಕೈಯಲ್ಲಿ ಕೊಯ್ಯುತ್ತಾರೆ, ಎಣಿಸಬಹುದು. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರಡಿ ಒಣಗಿಸಿದರೆ ಅದು ಚೆರಿ ಅನ್ನೋ ಸರಕು. ಸಿಪ್ಪೆ ಸುಲಿಯೋ ಪಲ್ಪರ್ ಮೆಷಿನ್ನಿಗೆ ಹಾಕಿ, ತೊಳೆದು, ಒಳಗಿನ ತೆಳು ಹೊಟ್ಟಿನ ಸಮೇತ ಒಣಗಿಸಿದರೆ ಪಾರ್ಚ್‌ಮೆಂಟ್. ಎರಡೂ ತೂಕದಲ್ಲಿ ಬದುಕೋ ಪದಗಳು. ಕನ್ನಡದಲ್ಲಿ "ಭತ್ತಗಳು ಬಂದವು" ಅನ್ನುತ್ತೇವಾ? ಹಾಗೇ.

ಆದರೆ ಚೀಲ ಎಣಿಸುವ ವಸ್ತು. ನಾವು "ಹತ್ತು ಚೀಲ ಕಾಫಿ" ಅನ್ನುತ್ತೇವೆ, ಚೀಲಕ್ಕೆ ಗಳು ಸೇರಿಸುವುದಿಲ್ಲ. ಅದೇ ಚಾಳಿಯಲ್ಲಿ "ಟೆನ್ ಬ್ಯಾಗ್ ಕಾಫಿ" ಅಂದರೆ ಎರಡು ತಪ್ಪು. ಎಸ್ ಬೇಕು, ಆಫ್ ಬೇಕು. "ಟೆನ್ ಬ್ಯಾಗ್ಸ್ ಆಫ್ ಕಾಫಿ". ಮೇಷ್ಟ್ರು ಕನ್ನಡದ ಕಿವಿ ನಂಬಿ ಅಂದರಲ್ಲ, ಇಲ್ಲಿ ನಂಬಬೇಡಿ.

ಮೆಣಸಿನಲ್ಲಿ ಮಾತ್ರ ಮಾನ ಹೋಯಿತು. ಹೊರಗಿನ ಗಿರಾಕಿ ಒಬ್ಬರಿಗೆ "ಪೆಪ್ಪರ್ಸ್, 200 ಕೆಜಿ" ಅಂತ ಮೆಸೇಜ್ ಕಳಿಸಿದೆ. ಯಾವ ಬಣ್ಣದ್ದು, ಕೆಂಪಾ ಹಳದಿಯಾ ಅಂತ ಉತ್ತರ ಬಂತು. ಕರಿಮೆಣಸು ಪೆಪ್ಪರ್. ಎಸ್ ಹಚ್ಚಿದ ತಕ್ಷಣ ಅದು ದಪ್ಪ ಮೆಣಸಿನಕಾಯಿ ಆಗಿಬಿಡುತ್ತದೆ. ಒಂದು ಅಕ್ಷರಕ್ಕೆ ಬಳ್ಳಿಯಿಂದ ತರಕಾರಿ ಅಂಗಡಿಗೆ ಹೋಗಿಬಿಟ್ಟೆ.

ಆದರೆ ಹೋಟೆಲಿನಲ್ಲಿ "ಟೂ ಕಾಫೀಸ್" ಅನ್ನಬಹುದು. ಅಲ್ಲಿ ಎಣಿಸುತ್ತಿರೋದು ಲೋಟ.

ಕಕ್ಕಬ್ಬೆ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ನಮ್ಮ ಮನೆಯಲ್ಲಿ ಪಟ್ಟೆದಾರನನ್ನು ಹುಡುಕೋದೇ ಕೆಲಸ. ಮಗಳು ಬಿಸ್ಕತ್ ಪ್ಯಾಕೆಟ್ ಹಿಡಿದುಕೊಂಡು "ಅಮ್ಮ, ಇದರಲ್ಲಿ ಯಾರು?" ಅನ್ನುತ್ತಾಳೆ. ನಮ್ಮ ಯಜಮಾನರು ನೌನ್ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಪೋರ್ಕ್ ಅಂತ ಬರೆಸು, ಪಿಗ್ ಅಂತ ಬರೆಸು, ಕರಿಗೆ ಹುಳಿ ಕೊಡೋ ಕಾಚಂಪುಳಿ ಮಾತ್ರ ಕಡಿಮೆ ಹಾಕಬೇಡ ಅಂದರು.

ಇನ್ನೊಂದು ಸಾಲು ಸೇರಿಸೋ ಆಸೆ ಇದೆ. ಬರೋರೆಲ್ಲ ತಡಿಯಂಡಮೋಳ್ ಹತ್ತೋಕೇ ಬರೋದು. "ನಿಯರ್ ದಿ ತಡಿಯಂಡಮೋಳ್, 1748 ಮೀಟರ್ಸ್ ಪೀಕ್" ಅಂತ ಬರೆದಿಟ್ಟಿದ್ದೇನೆ. ಮೀಟರ್‌ನ ಎಸ್ ತೆಗೆಯಬೇಕು ಅಂತ ಈಗ ನನಗೇ ಗೊತ್ತಾಯಿತು. ದಿ ಬಗ್ಗೆ ಅನುಮಾನ. ಹವಾಲ್ದಾರರು ಹೇಳಿದ ಹಾಗೆ ಹೆಸರಿಗೆ ದಿ ಬೇಡ ಅಂದರೆ, ಪೇಪರಿನಲ್ಲಿ "ದಿ ಕಾವೇರಿ" ಅಂತ ಯಾಕೆ ಬರೆಯುತ್ತಾರೆ?

ರಿಟೈರ್ಡ್ ಮೇಷ್ಟ್ರು, ವಿರಾಜಪೇಟೆ

ಭೇಷ್, ಮೀಟರ್ ನೀವೇ ಹಿಡಿದಿರಿ. "ಎ 1748-ಮೀಟರ್ ಪೀಕ್". ಎ ಮರೆಯಬೇಡಿ.

ದಿ ವಿಷಯದಲ್ಲಿ ಇಂಗ್ಲಿಷಿಗೆ ಪಕ್ಷಪಾತ ಇದೆ. ನದಿಗೆ ಹಾಕುತ್ತದೆ, ಒಂಟಿ ಬೆಟ್ಟಕ್ಕೆ ಹಾಕುವುದಿಲ್ಲ, ಬೆಟ್ಟದ ಸಾಲಿಗೆ ಹಾಕುತ್ತದೆ. ದಿ ಕಾವೇರಿ, ಬರೀ ತಡಿಯಂಡಮೋಳ್, ದಿ ವೆಸ್ಟರ್ನ್ ಘಾಟ್ಸ್. ತಲಕಾವೇರಿ ಊರಿನ ಹೆಸರಾದ್ದರಿಂದ ದಿ ಇಲ್ಲ. ಅದೇ ನೀರು ಭಾಗಮಂಡಲ ದಾಟಿ ಹರಿಯುವಾಗ ದಿ ಕಾವೇರಿ.

ಆದರೆ ಊರಿನ, ಬೆಟ್ಟದ ಹೆಸರೇ ಇನ್ನೊಂದು ನೌನ್ ಮುಂದೆ ನಿಂತು ಸೇವೆಗೆ ಇಳಿದರೆ ಲೆಕ್ಕ ಮತ್ತೆ ಪಟ್ಟೆದಾರನದ್ದು. "ತಡಿಯಂಡಮೋಳ್" ಒಂಟಿಯಾಗಿದ್ದರೆ ದಿ ಬೇಡ. "ದಿ ತಡಿಯಂಡಮೋಳ್ ಟ್ರೆಕ್" ಅಂದರೆ ಬೇಕು, ಅಲ್ಲಿ ಟ್ರೆಕ್ ಪಟ್ಟೆದಾರ. "ದಿ ರೋಡ್ ಟು ನಾಲ್ಕುನಾಡು ಪ್ಯಾಲೇಸ್" ಅನ್ನುವಾಗ ದಿ ಸೇರಿದ್ದು ರೋಡಿಗೆ, ಅರಮನೆಗಲ್ಲ. ಇದಕ್ಕೂ ಅಪವಾದಗಳಿವೆ, ಬೋರ್ಡಿನಲ್ಲಿ ಅಷ್ಟು ಜಾಗ ಇರಲಾರದು.

ಕಕ್ಕಬ್ಬೆ ಅಕ್ಕ

ಅಕ್ಟೋಬರ್ ಬಂತು, ಬೋರ್ಡು ಆಯಿತು. ಬಿಸಿಲು ಬಿದ್ದ ದಿನ ಬರುತ್ತೇನೆ ಅಂದಿದ್ದ ಪೇಂಟರ್ ನಾಲ್ಕು ತಿಂಗಳು ಬಿಟ್ಟು ಬಂದರು. ಕಕ್ಕಬ್ಬೆ ಮಳೆ, ಅವರದ್ದೇನು ತಪ್ಪು?

ಕಾಗದ ಕೊಟ್ಟೆ. ಅವರು ಬೆರಳು ಮಡಚಿ ಎಣಿಸಿದರು. ತೆಗೆಯೋದು ಎಂಟು: ಎಸ್ ಮೂರು, ಆರ್‌ನ ಮೂರು ಅಕ್ಷರ, ಪಿಗ್‌ನಲ್ಲಿ ಎರಡು. ಪಿ ಉಳಿಸಿಕೊಳ್ಳಬಹುದು, ಪೋರ್ಕ್‌ಗೂ ಅದೇ ಬರುತ್ತದೆ ಅಂದರು. ಹಾಕೋದು ಆರು: ಈಸ್‌ನ ಎರಡು, ಪೋರ್ಕ್‌ನ ಮೂರು, ಮೇಷ್ಟ್ರ ಒಂದು ಎ. ಅಳಿಸಿ ಬಣ್ಣ ಬಳಿಯೋದಕ್ಕೂ ಅಕ್ಷರಕ್ಕೆ 15 ರೂಪಾಯಿಯಂತೆ! ಒಟ್ಟು 210. ನಡುವಿನ ಎರಡು ಗೆರೆಗೆ ದುಡ್ಡು ಬೇಡ ಅಂದರು. ತಡಿಯಂಡಮೋಳ್ ಹೆಸರೇ ಉದ್ದ, ಅದನ್ನು ಮುಂದಿನ ವರ್ಷ ನೋಡೋಣ ಅಂದೆ.

ಒಂದೇ ಕಷ್ಟ ಆಗಿದ್ದು. ಎ ಹಾಕೋಕೆ ಇನ್ ಮತ್ತು ಟೆನ್ ನಡುವೆ ಜಾಗ ಇಲ್ಲ. ಎಸ್ ತೆಗೆದ ಕಡೆ ಎರಡು ಬೆರಳು ಖಾಲಿ, ಬೇಕಾದ ಕಡೆ ಕೂದಲೆಳೆಯೂ ಇಲ್ಲ. ಕೊನೆಗೆ ಸಣ್ಣ ಬ್ರಶ್ಶಿನಲ್ಲಿ ತುರುಕಿದ್ದಾರೆ. ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರ ನಡುವೆ ಮಗು ಕೂತ ಹಾಗಿದೆ. ಗೇಟಿನಿಂದ ಕಾಣುವುದಿಲ್ಲ, ಹತ್ತಿರ ಬಂದು ನೋಡಬೇಕು.